ಪೇಟಿ ಮಾಸ್ತರರ ಕುರ್ಚಿಯಲ್ಲಿ ಬಾಖ್

ಕಳೆದ ತಿಂಗಳು ಸೌತ್‌ಹಾಲ್‌ನ ಗೆಳೆಯರ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ಅವರ ಹನ್ನೆರಡು ವರ್ಷದ ಮಗಳು ಪುರಂದರದಾಸರ ದೇವರನಾಮವೊಂದನ್ನು ಹಾಡಿದಳು. ಲಂಡನ್ನಿನಲ್ಲೇ ಹುಟ್ಟಿದ ಹುಡುಗಿ, ಕನ್ನಡವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಕಲಿತವಳು. ಪಲ್ಲವಿ ಮುಗಿಯುತ್ತಿದ್ದ ಹಾಗೆ ಹಿರಿಯರೊಬ್ಬರು, "ಹಾಗಲ್ಲಮ್ಮ, ಒರಿಜಿನಲ್ ಇರೋದೇ ಬೇರೆ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಅವಳು ಅಲ್ಲಿಗೇ ನಿಲ್ಲಿಸಿಬಿಟ್ಟಳು.

ಆ "ಒರಿಜಿನಲ್" ಅನ್ನೋ ಪದ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದಕ್ಕೇ ಈ ಸಲ ನಿಮ್ಮ ಮುಂದೆ ಟ್ರೆವರ್ ಪಿನ್ನಾಕ್ ಎಂಬ ಇಂಗ್ಲಿಷ್ ಸಂಗೀತಗಾರನ ವಿಷಯ ತಂದಿದ್ದೇನೆ. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳಿ.

ಪಿನ್ನಾಕ್ ಹುಟ್ಟಿದ್ದು 1946ರಲ್ಲಿ, ಕ್ಯಾಂಟರ್ಬರಿಯಲ್ಲಿ. ಅಲ್ಲಿನ ಕ್ಯಾಥೆಡ್ರಲ್‌ನಲ್ಲಿ ಹಾಡುವ ಹುಡುಗರಲ್ಲಿ ಒಬ್ಬರಾಗಿ ಶುರುಮಾಡಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್‌ನಲ್ಲಿ ಆರ್ಗನ್ ಮತ್ತು ಹಾರ್ಪ್ಸಿಕಾರ್ಡ್ ಕಲಿತರು. 1972ರಲ್ಲಿ 'ದಿ ಇಂಗ್ಲಿಷ್ ಕನ್ಸರ್ಟ್' ಎಂಬ ತಂಡ ಕಟ್ಟಿದರು. ಹದಿನೇಳು, ಹದಿನೆಂಟನೇ ಶತಮಾನದ ಸಂಗೀತವನ್ನು ಆ ಕಾಲದ ಬಗೆಯ ವಾದ್ಯಗಳಲ್ಲೇ ನುಡಿಸುವುದು ಅದರ ಪಣ. ಪಿಟೀಲಿಗೆ ಲೋಹದ ಬದಲು ಕರುಳಿನ ತಂತಿ. ಶ್ರುತಿಯೂ ಇಂದಿನದಕ್ಕಿಂತ ಹೆಚ್ಚುಕಮ್ಮಿ ಅರ್ಧ ಸ್ವರ ಕೆಳಗೆ: 440ರ ಬದಲು 415 ಹರ್ಟ್ಸ್. ಮೂವತ್ತು ವರ್ಷ ನಡೆಸಿ, 2003ರಲ್ಲಿ ತಂಡವನ್ನು ಆಂಡ್ರ್ಯೂ ಮ್ಯಾನ್ಜ್ ಅವರ ಕೈಗೆ ಒಪ್ಪಿಸಿದರು.

ಹಾರ್ಪ್ಸಿಕಾರ್ಡ್ ನೋಡಲು ಪಿಯಾನೋದ ಅಕ್ಕನ ಹಾಗಿದ್ದರೂ ಸ್ವಭಾವ ಬೇರೆ. ಪಿಯಾನೋದಲ್ಲಿ ಸುತ್ತಿಗೆ ತಂತಿಗೆ ಬಡಿಯುತ್ತದೆ; ಇಲ್ಲಿ ಪುಟ್ಟದೊಂದು ಕಡ್ಡಿ ತಂತಿಯನ್ನು ವೀಣೆಯ ಹಾಗೆ ಮೀಟುತ್ತದೆ. ನೀವು ಮೆಲ್ಲಗೆ ಒತ್ತಿ, ಜೋರಾಗಿ ಒತ್ತಿ, ಸದ್ದು ಸುಮಾರಾಗಿ ಅಷ್ಟೇ. ಹಾಗಾದರೆ ಒಂದು ಸ್ವರಕ್ಕೆ ಒತ್ತು ಕೊಡೋದು ಹೇಗೆ? ಅದಕ್ಕೆ ಮುಂಚೆ ಒಂದು ಕೂದಲೆಳೆಯಷ್ಟು ತಡೆದು. ಹಿಂದಿನ ಸ್ವರವನ್ನು ಬೇಗ ಬಿಟ್ಟು. ದನಿ ಎತ್ತರಿಸದೆ ಮನೆಮಂದಿಯನ್ನೆಲ್ಲ ಸುಮ್ಮನಾಗಿಸುವ ಅಜ್ಜಿಯರಿರುತ್ತಾರಲ್ಲ, ಹಾಗೆ. ಪಿನ್ನಾಕ್ 1980ರಲ್ಲಿ ಧ್ವನಿಮುದ್ರಿಸಿದ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್‌ನ ಮೊದಲ ಏರಿಯಾ ಕೇಳಿ. ಎಲ್ಲಿ ತಡೆಯುತ್ತಾರೆ, ಎಲ್ಲಿ ಬಿಡುತ್ತಾರೆ ಅನ್ನೋದನ್ನೇ ಗಮನಿಸಿ. ಕಲೆ ಇರುವುದು ಅಲ್ಲೇ.

ಇನ್ನು ತಂಡ ನಡೆಸುವ ವಿಚಾರ. ಕೋಲು ಹಿಡಿದು ಎತ್ತರದಲ್ಲಿ ನಿಲ್ಲುವ ಕಂಡಕ್ಟರ್ ಬಾಖ್‌ನ ಕಾಲದಲ್ಲಿ ಇನ್ನೂ ರೂಢಿಯಾಗಿರಲಿಲ್ಲ. ಪಿನ್ನಾಕ್ ಕೂಡ ವಾದ್ಯದ ಮುಂದೆ ಕೂತು, ಎರಡೂ ಕೈಯಲ್ಲಿ ನುಡಿಸುತ್ತಲೇ ತಲೆ, ಹುಬ್ಬು, ಉಸಿರಿನಿಂದ ತಂಡವನ್ನು ನಡೆಸಿದವರು. ಇದು ನಮಗೆ ಹೊಸದೇನಲ್ಲ. ಉತ್ತರ ಕರ್ನಾಟಕದ ಕಂಪನಿ ನಾಟಕಗಳಲ್ಲಿ ರಂಗದ ಪಕ್ಕ ಕೂತ ಪೇಟಿ ಮಾಸ್ತರು ಮಾಡುತ್ತಿದ್ದುದೂ ಇದೇ. ನಟ ಸಾಲು ಮರೆತರೆ ಪೇಟಿ ಕಾಯುತ್ತಿತ್ತು, ಜನ "ಒನ್ಸ್ ಮೋರ್" ಅಂದರೆ ಪೇಟಿ ತಿರುಗಿ ಎತ್ತಿಕೊಳ್ಳುತ್ತಿತ್ತು. ಯಜಮಾನಿಕೆ ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಆ ಕಾಲದ ಹಾಳೆಗಳಲ್ಲಿ ತಂಡದ ಜೊತೆ ನುಡಿಸುವ ಕೀಬೋರ್ಡ್ ವಾದಕನಿಗೆ ಸಾಮಾನ್ಯವಾಗಿ ಪೂರ್ತಿ ಸಂಗೀತ ಬರೆದಿರುತ್ತಿರಲಿಲ್ಲ. ಎಡಗೈಗೆ ಮಂದ್ರದ ಒಂದು ಸಾಲು, ಅದರ ಜೊತೆಗೆ ಕೆಲವು ಅಂಕಿಗಳು, ಅಷ್ಟೇ. ಉಳಿದದ್ದನ್ನು ವಾದಕ ಆ ಕ್ಷಣಕ್ಕೆ ತುಂಬಬೇಕು. ನನ್ನ ಕಸುಬು ಡೇಟಾ. ಕೋಷ್ಟಕದಲ್ಲಿ ಬಿಟ್ಟುಹೋದ ಮನೆಗಳನ್ನು ತುಂಬುವುದು ನಮಗೆ ದಿನನಿತ್ಯದ ಕೆಲಸ. ತುಂಬುವುದು ತಪ್ಪಲ್ಲ, ತುಂಬಿ, ಇದು ಮೊದಲಿಂದಲೂ ಇತ್ತು ಅನ್ನುವುದು ತಪ್ಪು.

ಪಿನ್ನಾಕ್‌ರ ಪೀಳಿಗೆಯ ಮೇಲೆ ನನ್ನ ದೂರೂ ಇದೇ. ಎಪ್ಪತ್ತು, ಎಂಬತ್ತರ ದಶಕದ ಡಿಸ್ಕುಗಳ ಹೊದಿಕೆಯ ಮೇಲೆ "ಅಧಿಕೃತ ವಾದ್ಯಗಳಲ್ಲಿ" ಅನ್ನೋ ಮಾತು ಸಾಮಾನ್ಯವಾಗಿತ್ತು. ವಾದ್ಯ ಹಳೆಯ ಮಾದರಿಯದು, ನಿಜ. ಆದರೆ ಆ ವೇಗ, ಆ ಹೊಳಪು ಯಾರದು? 1982ರಲ್ಲಿ ಪಿನ್ನಾಕ್ ಮುದ್ರಿಸಿದ ಬ್ರಾಂಡೆನ್‌ಬರ್ಗ್ ಕನ್ಸರ್ಟೋಗಳನ್ನು ಕೇಳಿದಾಗ ನನಗೆ 1721ರ ಜರ್ಮನಿಗಿಂತ ಎಂಬತ್ತರ ದಶಕದ ಲಂಡನ್ನೇ ಹೆಚ್ಚು ಕೇಳಿಸುತ್ತದೆ. ಚುರುಕು, ಶುಭ್ರ, ಒಂದಿಷ್ಟೂ ಧೂಳಿಲ್ಲ. ನನಗದು ಬಹಳ ಇಷ್ಟ. ಆದರೆ ಅದನ್ನು "ಒರಿಜಿನಲ್" ಅಂತ ಕರೆಯಲಾರೆ. ಮೊಜಾರ್ಟ್‌ನ ಸಿಂಫನಿಗಳಲ್ಲಂತೂ ಅದೇ ಚೊಕ್ಕತನ ಕೆಲವು ಕಡೆ ಸಪ್ಪೆಯೂ ಆಗುತ್ತದೆ.

ಪಿನ್ನಾಕ್‌ರ ದೊಡ್ಡತನ ತಿಳಿಯುವುದು ಅವರು ಅದೇ ಕೃತಿಗೆ ಮರಳಿದಾಗ. ಅರವತ್ತು ತುಂಬಿದ ಹೊತ್ತಿಗೆ 'ಯುರೋಪಿಯನ್ ಬ್ರಾಂಡೆನ್‌ಬರ್ಗ್ ಆನ್ಸಾಂಬಲ್' ಎಂಬ ಹೊಸ ತಂಡ ಕೂಡಿಸಿ ಆರೂ ಕನ್ಸರ್ಟೋಗಳನ್ನು ಮತ್ತೆ ಮುದ್ರಿಸಿದರು. 2008ರಲ್ಲಿ ಅದಕ್ಕೆ ಗ್ರಾಮಫೋನ್ ಪ್ರಶಸ್ತಿ ಬಂತು. ಐದನೆಯದರಲ್ಲಿ ತಂಡವೆಲ್ಲ ಸುಮ್ಮನಾಗಿ ಹಾರ್ಪ್ಸಿಕಾರ್ಡ್ ಒಂದೇ ಬಹಳ ಹೊತ್ತು ನುಡಿಯುವ ಜಾಗವಿದೆ. ಮೊದಲ ಮುದ್ರಣದಲ್ಲಿ ಅದು ನನಗೆ ಗೆದ್ದೇ ತೀರುತ್ತೇನೆ ಅನ್ನುವ ಓಟದ ಹಾಗೆ ಕೇಳುತ್ತದೆ. ಎರಡನೆಯದರಲ್ಲಿ ಯಾರೋ ಹಿರಿಯರು ಜಗಲಿಯ ಮೇಲೆ ಕೂತು ಹಳೆಯ ಕತೆಯೊಂದನ್ನು ನೆನಪಿಸಿಕೊಳ್ಳುವ ಹಾಗಿದೆ. ಹಾಳೆ ಅದೇ, ಬೆರಳೂ ಅವೇ. ತುಂಬಿದ್ದು ಮಾತ್ರ ಬೇರೆ. ಒರಿಜಿನಲ್ ಒಂದೇ ಇದ್ದಿದ್ದರೆ ಎರಡನೇ ಸಲ ನುಡಿಸುವ ಅಗತ್ಯವೇ ಇರಲಿಲ್ಲ, ಅಲ್ವಾ?

ಪುರಂದರದಾಸರ ವಿಷಯಕ್ಕೆ ಬನ್ನಿ. ದಾಸರು ತೀರಿಕೊಂಡಿದ್ದು 1564ರಲ್ಲಿ. ಅವರ ಪದಗಳು ಬಾಯಿಂದ ಬಾಯಿಗೆ ಉಳಿದುಬಂದವು. ಅವರು ಹಾಡಿದ ಮಟ್ಟುಗಳು ಬಹುಪಾಲು ಕಳೆದುಹೋದವು. ಇಂದು ನಾವು ಕೇಳುವ ಹೆಚ್ಚಿನ ಧಾಟಿಗಳನ್ನು ಕೂಡಿಸಿದವರು ಆಮೇಲಿನ ಗಾಯಕರು. ಬಾಖ್‌ನದು ಅರ್ಧ ಬರೆದ ಹಾಳೆಯಾದರೆ, ದಾಸರದು ಸ್ವರವೇ ಇಲ್ಲದ ಹಾಳೆ. ನೂರಾರು ವರ್ಷ ನಮ್ಮವರು ಅದನ್ನು ತುಂಬುತ್ತಲೇ ಬಂದಿದ್ದಾರೆ.

ಪೇಟಿಯನ್ನೇ ನೋಡಿ. ಯುರೋಪಿನಿಂದ ಬಂದ ಈ ಪೆಟ್ಟಿಗೆಗೆ ಗಮಕ ಬರೋದಿಲ್ಲ ಅಂತ ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ಇವತ್ತು ಸೌತ್‌ಹಾಲ್‌ನ ಗುರು ನಾನಕ್ ರಸ್ತೆಯ ಗುರುದ್ವಾರದಲ್ಲಿ ಕೀರ್ತನೆ ಕೇಳುವಾಗ ಹಾರ್ಮೋನಿಯಂ ಪರದೇಶದ್ದು ಅಂತ ನನಗಂತೂ ಅನ್ನಿಸೋದಿಲ್ಲ.

ಹಾಗಂತ ಹೇಗೆ ಹಾಡಿದರೂ ಸರಿ ಅಂತ ನಾನು ಹೇಳುತ್ತಿಲ್ಲ. ಪಿನ್ನಾಕ್ ಹಳೆಯ ಹಾಳೆ ಓದಿದರು, ವಾದ್ಯದ ಸ್ವಭಾವ ಕಲಿತರು, ಆಮೇಲೆ ತುಂಬಿದರು. ಹುಡುಗಿಯ ಉಚ್ಚಾರ ತಿದ್ದಿ, ತಾಳ ತಿದ್ದಿ, ಅರ್ಥ ಹೇಳಿಕೊಡಿ. ಆದರೆ ಯಾರ ಕೈಯಲ್ಲೂ ಇಲ್ಲದ ಮೂಲವನ್ನು ಅವಳ ಎದುರಿಗೆ ಹಿಡಿಯಬೇಡಿ.

ಮೊನ್ನೆ ಅವಳಿಗೆ ಐದನೇ ಬ್ರಾಂಡೆನ್‌ಬರ್ಗ್‌ನ ಎರಡೂ ಮುದ್ರಣ ಕೇಳಿಸಿ, ಇದರಲ್ಲಿ ಒರಿಜಿನಲ್ ಯಾವುದು ಅಂತ ಕೇಳಿದೆ. ಸ್ವಲ್ಪ ಯೋಚಿಸಿ, "ಎರಡೂ ಅವರದೇ ಅಲ್ವಾ ಅಂಕಲ್?" ಅಂದಳು. ದೇವರನಾಮ ಇನ್ನೂ ಮತ್ತೆ ಹಾಡಿಲ್ಲ. ಕಾಯ್ತಾ ಇದ್ದೀನಿ.

ನೀವೂ ಎರಡನ್ನೂ ಕೇಳಿ. ಮೊದಲು 1982ರದು, ಆಮೇಲೆ ಇನ್ನೊಂದು.