ಪರದೆಯ ಮೇಲಿನ ಅತಿಥಿ

ಕೊರೊನಾ ಕಾಲದಲ್ಲಿ ಕಂಪ್ಯೂಟರ್ ಪರದೆಗೆ ಸರಿದಿದ್ದ ಬಹಳಷ್ಟು ಸಂಗತಿಗಳು ತಮ್ಮ ಜಾಗಕ್ಕೆ ಮರಳಿವೆ. ಮದುವೆಗಳು ಶಾದಿಮಹಲ್‌ಗೆ ಬಂದವು, ಶಾಲೆಯ ಗಂಟೆ ಮತ್ತೆ ಬಾರಿಸಿತು. ಆದರೆ ಒಂದು ದೇಶದ ವಿದ್ಯಾರ್ಥಿಯನ್ನು ಮತ್ತೊಂದು ದೇಶಕ್ಕೆ ಕಳುಹಿಸುವ ವಿನಿಮಯ ಕಾರ್ಯಕ್ರಮಗಳ ಒಂದು ಪಾಲು ಮಾತ್ರ ಪರದೆಯ ಮೇಲೆಯೇ ಉಳಿದುಕೊಂಡಿದೆ. ಖರ್ಚು ಕಡಿಮೆ, ಹೆಚ್ಚು ಜನರಿಗೆ ಅವಕಾಶ ಎಂದು ಅದನ್ನು ಹೊಗಳುವವರಿದ್ದಾರೆ. ಆ ಹೊಗಳಿಕೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧದ ಬಗ್ಗೆ ನಮ್ಮ ತಕರಾರು.

ಅಮೆರಿಕದ 'ಕೆನಡಿ-ಲೂಗರ್ ಯೆಸ್' ಕಾರ್ಯಕ್ರಮವನ್ನೇ ನೋಡೋಣ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ, 2002ರಲ್ಲಿ, ಸೆನೆಟರ್‌ಗಳಾದ ಎಡ್ವರ್ಡ್ ಕೆನಡಿ ಮತ್ತು ರಿಚರ್ಡ್ ಲೂಗರ್ ಅವರ ಪ್ರಯತ್ನದಿಂದ ಹುಟ್ಟಿದ್ದು ಅದು. ಮುಸ್ಲಿಮರು ಗಣನೀಯ ಸಂಖ್ಯೆಯಲ್ಲಿರುವ ದೇಶಗಳ ಹೈಸ್ಕೂಲು ಮಕ್ಕಳು (ಭಾರತದವರೂ ಅದರಲ್ಲಿದ್ದಾರೆ) ಅಮೆರಿಕದ ಒಂದು ಕುಟುಂಬದ ಜತೆ ಒಂದು ಶಾಲಾ ವರ್ಷ ಇದ್ದು ಅಲ್ಲಿಯೇ ಓದುವುದು ಅದರ ಕ್ರಮ. ಇದರ ಹಿಂದೆ ರಾಜಕೀಯ ಲೆಕ್ಕಾಚಾರ ಇರಲಿಲ್ಲವೆಂದು ನಾವು ಹೇಳುತ್ತಿಲ್ಲ. ಆದರೂ ಗಡ್ಡ, ಟೋಪಿ ಕಂಡರೆ ಬೆಚ್ಚುತ್ತಿದ್ದ ಆ ದಿನಗಳಲ್ಲಿ ಒಬ್ಬ ಮುಸ್ಲಿಂ ಹುಡುಗನ ಕೈಗೆ ತಮ್ಮ ಮನೆಯ ಬೀಗದ ಕೈ ಕೊಡಲು ಅಲ್ಲಿನ ಸಾಮಾನ್ಯ ಜನ ಮುಂದೆ ಬಂದರಲ್ಲ, ಅದು ಸಣ್ಣ ಮಾತಲ್ಲ.

2020ರ ಮಾರ್ಚ್‌ನಲ್ಲಿ ಈ ಮಕ್ಕಳನ್ನು ವರ್ಷ ಮುಗಿಯುವ ಮೊದಲೇ ಊರಿಗೆ ಕಳುಹಿಸಲಾಯಿತು. ಅತ್ತ ಅಮೆರಿಕದಿಂದ ಹೊರದೇಶಗಳಿಗೆ ಓದಲು ಹೋಗುತ್ತಿದ್ದವರ ಸಂಖ್ಯೆಯೂ ಕುಸಿಯಿತು. 2018-19ರಲ್ಲಿ 3,47,099 ಇದ್ದದ್ದು 2020-21ರಲ್ಲಿ 14,549. ಖಾಲಿಯಾದ ಈ ಜಾಗಕ್ಕೆ ಜೂಮ್ ಬಂತು. ಬಂದದ್ದು ತಪ್ಪೇನೂ ಅಲ್ಲ, ಆಗ ಬೇರೆ ದಾರಿ ಇರಲಿಲ್ಲ. ಅದನ್ನೂ 'ವಿನಿಮಯ' ಎಂದೇ ಕರೆದದ್ದರಲ್ಲಿ ತೊಡಕಿದೆ.

ಉರ್ದು ಶಾಲೆಯಿಂದ ಕನ್ನಡ ಶಾಲೆಗೆ ಬಂದಾಗ ನಮಗೆ ಕನ್ನಡ ಕಲಿಸಿದ್ದು ಪಠ್ಯಪುಸ್ತಕ ಮಾತ್ರವಲ್ಲ. ಗೆಳೆಯನ ಮನೆಯಲ್ಲಿ ಮಳೆಗೆ ಸಿಕ್ಕಿಬಿದ್ದ ಒಂದು ರಾತ್ರಿ, ಅವನ ಅಜ್ಜಿ ನಮ್ಮ ಮುಂದೆ ತಟ್ಟೆ ಇಡುವ ಮೊದಲು ಒಂದು ಗಳಿಗೆ ತಡೆದು ನಿಂತರು. ಆಮೇಲೆ ಇಟ್ಟರು. ಆ ಒಂದು ಗಳಿಗೆಯಲ್ಲಿ ಅಜ್ಜಿಯೂ ಏನೋ ದಾಟಿದರು, ನಾವೂ ದಾಟಿದೆವು. ಪರದೆಯ ಮೇಲೆ ಅಂಥ ಗಳಿಗೆ ಬರುವುದಿಲ್ಲ. ಬಂದರೂ ಗುಂಡಿ ಒತ್ತಿ ಎದ್ದುಹೋಗಬಹುದು. ಅತಿಥಿಗೆ ಎದ್ದುಹೋಗುವ ಸೌಕರ್ಯವಿಲ್ಲ. ಹಸಿವಾದರೆ ಕೇಳಬೇಕು, ಜ್ವರ ಬಂದರೆ ಪರರ ಕೈಯ ಗಂಜಿ ಕುಡಿಯಬೇಕು. ಸಮಯದ ಮಾತನ್ನೂ ಗಮನಿಸಿ: ನ್ಯೂಯಾರ್ಕ್‌ನಲ್ಲಿ ಬೇಸಿಗೆಯ ಸಂಜೆ ಏಳು ಗಂಟೆಯಾದಾಗ ಬೆಂಗಳೂರಿನಲ್ಲಿ ಬೆಳಗಿನ ಜಾವ ನಾಲ್ಕೂವರೆ. ಯಾರ ನಿದ್ದೆ ಕೆಡಬೇಕೆಂಬುದರಲ್ಲೂ ಯಜಮಾನಿಕೆ ಇದೆ.

ಇಷ್ಟು ಹೇಳಿದ ಮೇಲೆ ನಮ್ಮ ವಾದವನ್ನು ನಾವೇ ಸ್ವಲ್ಪ ತಿದ್ದಿಕೊಳ್ಳಬೇಕಾಗುತ್ತದೆ. ಪರದೆಯ ವಿನಿಮಯ ಕೊರೊನಾದ ಕೂಸಲ್ಲ. 'ಸೋಲಿಯಾ' ಎಂಬ ಸಂಸ್ಥೆ 2003ರಿಂದಲೇ ಪಾಶ್ಚಾತ್ಯ ಮತ್ತು ಮುಸ್ಲಿಂ ದೇಶಗಳ ವಿದ್ಯಾರ್ಥಿಗಳನ್ನು ಸಣ್ಣ ಗುಂಪುಗಳಲ್ಲಿ, ತರಬೇತಿ ಪಡೆದ ಸಂಚಾಲಕರ ಸಮ್ಮುಖದಲ್ಲಿ, ವಾರಗಟ್ಟಲೆ ಮಾತಿಗೆ ಕೂರಿಸುತ್ತಾ ಬಂದಿದೆ. ಯುರೋಪ್ ಒಕ್ಕೂಟವೂ 2018ರಲ್ಲಿ ಮೆಡಿಟರೇನಿಯನ್ ಸಮುದ್ರದ ದಕ್ಷಿಣದ ದೇಶಗಳ ಯುವಜನರೊಂದಿಗೆ ಇಂಥದ್ದೊಂದನ್ನು ಆರಂಭಿಸಿತು. ಜಗಳವಾಡಲೂ ಬಿಡುವ ಇಂಥ ಮಾತುಕತೆಗೂ, ವಿಮಾನ ನಿಂತಾಗ ಅವಸರದಲ್ಲಿ ಜೂಮ್‌ಗೆ ಏರಿಸಿದ ಪರಿಚಯ ಭಾಷಣಗಳಿಗೂ ಅಜಗಜಾಂತರವಿದೆ. 2007ರಿಂದ ದಿಗ್ಬಂಧನದಲ್ಲಿದ್ದ ಗಾಜಾದ ವಿದ್ಯಾರ್ಥಿಗೆ ಪರದೆಯೇ ಬಹುಪಾಲು ಹೊರಜಗತ್ತಾಗಿತ್ತು. ಒಂದು ವರ್ಷ ಹೊರದೇಶಕ್ಕೆ ಕಳುಹಿಸಲು ಮನೆಯವರು ಒಪ್ಪದ ನಮ್ಮ ಹೆಣ್ಣುಮಕ್ಕಳಿಗೂ ಅಷ್ಟೇ. ಇವರ ಮುಂದೆ ನಿಂತು ಪರದೆಯನ್ನು ಹಳಿಯುವುದು, ಹೊಟ್ಟೆ ತುಂಬಿದವನು ಉಪವಾಸದ ಮಹಿಮೆ ಹೇಳಿದ ಹಾಗೆ.

ನಮ್ಮ ಅನುಮಾನ ಬೇರೆ ಕಡೆ ಇದೆ. 2017ರಲ್ಲಿ ಅಮೆರಿಕ ಏಳು ಮುಸ್ಲಿಂ ಬಾಹುಳ್ಯದ ದೇಶಗಳ ಪ್ರಜೆಗಳಿಗೆ ಬಾಗಿಲು ಮುಚ್ಚಿತು. 2020ರ ಜುಲೈ 6ರಂದು, ಪಾಠವೆಲ್ಲ ಆನ್‌ಲೈನ್ ಆದ ಮೇಲೆ ವಿದೇಶಿ ವಿದ್ಯಾರ್ಥಿಗಳು ಇಲ್ಲಿರುವಂತಿಲ್ಲ ಎಂದಿತು. ಹಾರ್ವರ್ಡ್ ಮತ್ತು ಎಂ.ಐ.ಟಿ. ಕೋರ್ಟಿಗೆ ಹೋದ ಮೇಲೆ, 14ರಂದು ಆ ಆದೇಶವನ್ನು ಹಿಂತೆಗೆದುಕೊಂಡಿತು. 2025ರ ಜೂನ್‌ನಲ್ಲಿ ಮತ್ತೆ ಹನ್ನೆರಡು ದೇಶಗಳಿಗೆ ನಿರ್ಬಂಧ ಬಂತು. ಯೆಮೆನ್, ಲಿಬಿಯಾಗಳು ಎರಡೂ ಪಟ್ಟಿಯಲ್ಲಿವೆ. ಇಂಥ ಸರಕಾರಗಳಿಗೆ ಪರದೆಯ ಅತಿಥಿಗಿಂತ ಅನುಕೂಲದ ಅತಿಥಿ ಯಾರಿದ್ದಾರೆ? ಅವನಿಗೆ ವೀಸಾ ಬೇಡ, ನಮಾಜಿಗೆ ಮೂಲೆ ಬೇಡ, ಹಲಾಲ್ ಊಟ ಬೇಡ. ಸೌಹಾರ್ದದ ವರದಿಯಲ್ಲಿ ಅವನ ನಗುಮುಖದ ಫೋಟೋ ಇರುತ್ತದೆ.

ಯುರೋಪಿನ ಎರಾಸ್ಮಸ್ ಯೋಜನೆ 1987ರಲ್ಲಿ ಹನ್ನೊಂದು ದೇಶಗಳ 3,244 ವಿದ್ಯಾರ್ಥಿಗಳನ್ನು ಗಡಿ ದಾಟಿಸುವ ಮೂಲಕ ಆರಂಭವಾಗಿತ್ತು. 2021ರಿಂದ ಅದರಲ್ಲಿ ಒಂದು ಮಿಶ್ರ ವಿಧಾನವೂ ಸೇರಿದೆ. ಒಂದಷ್ಟು ಪಾಠ ಪರದೆಯಲ್ಲಿ, ಉಳಿದದ್ದು ಐದರಿಂದ ಮೂವತ್ತು ದಿನ ಖುದ್ದಾಗಿ ಹೋಗಿ. ದೀರ್ಘಕಾಲ ಹೊರಗಿರಲಾಗದವರಿಗೆ ಇದು ಉಪಕಾರವೇ. ಆದರೆ ಐದು ದಿನದಲ್ಲಿ ಮನೆಯವರು ಒಳ್ಳೆಯ ತಟ್ಟೆಗಳನ್ನೇ ತೆಗೆಯುತ್ತಿರುತ್ತಾರೆ. ಅತಿಥಿ ಅಡುಗೆಮನೆಗೆ ಹೋಗಿ ತನ್ನ ತಟ್ಟೆ ತಾನೇ ತೊಳೆಯಲು, ಯಾರೂ ಅವನನ್ನು ತಡೆಯದಿರಲು, ಕನಿಷ್ಠ ಎರಡು ವಾರವಾದರೂ ಬೇಕು.