ಕ್ಲಸ್ಟರ್ ಯಾವ ಅಪ್ಲಿಕೇಶನ್‌ಗೆ ಒಗ್ಗುತ್ತದೆ?

ಹಲವು ಸರ್ವರ್‌ಗಳು ಕೂಡಿ ಒಂದೇ ಡೇಟಾಬೇಸ್ ಆಗಿ ದುಡಿಯುವ ಏರ್ಪಾಡಿಗೆ ಕ್ಲಸ್ಟರ್ ಎನ್ನುತ್ತಾರೆ. ದತ್ತಾಂಶದ ಗಾತ್ರವನ್ನಷ್ಟೇ ಅಳೆದು, ಅಪ್ಲಿಕೇಶನ್ ಅದನ್ನು ಯಾವ ಬಗೆಯಲ್ಲಿ ಕೇಳುತ್ತದೆ ಎಂಬುದನ್ನು ಗಮನಿಸದೆ ಈ ಏರ್ಪಾಡಿಗೆ ಕೈಹಾಕಿದರೆ ನಿರಾಶೆಯಾಗುವುದೇ ಹೆಚ್ಚು. ಮೈಎಸ್‌ಕ್ಯುಎಲ್ ಕ್ಲಸ್ಟರ್‌ನ ಹುಟ್ಟೇ ಇದಕ್ಕೆ ಸಾಕ್ಷಿ. ಅದರೊಳಗಿನ ಎನ್‌ಡಿಬಿ ಎಂಜಿನ್, ಅಂದರೆ ಟೇಬಲ್‌ಗಳನ್ನು ಶೇಖರಿಸಿ ಹುಡುಕಿಕೊಡುವ ಭಾಗ, ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ದೂರಸಂಪರ್ಕ ಜಾಲಗಳಿಗೆಂದು ರೂಪುಗೊಂಡು, 2003ರಲ್ಲಿ ಮೈಎಸ್‌ಕ್ಯುಎಲ್ ಎಬಿಯ ಪಾಲಾಯಿತು. ಒಬ್ಬ ಚಂದಾದಾರನ ವಿವರವನ್ನು ಕೇಳುವ ಪುಟ್ಟ ಪ್ರಶ್ನೆಗೆ, ನಡುವೆ ಒಂದು ಯಂತ್ರ ಕೆಟ್ಟು ನಿಂತರೂ, ತಡವಿಲ್ಲದೆ ಉತ್ತರ ಸಿಗಬೇಕೆಂಬುದು ಆ ಕ್ಷೇತ್ರದ ಬೇಡಿಕೆ.

ಪ್ರತಿ ಸಾಲನ್ನು ಗುರುತಿಸುವ ಪ್ರೈಮರಿ ಕೀಯ ಆಧಾರದ ಮೇಲೆ ಎನ್‌ಡಿಬಿಯು ಟೇಬಲ್ಲಿನ ಸಾಲುಗಳನ್ನು ಡೇಟಾ ನೋಡ್‌ಗಳೆಂಬ ಘಟಕಗಳಿಗೆ ಹಂಚುವುದರಿಂದ, ಕೀ ಗೊತ್ತಿದ್ದರೆ ಬೇಕಾದ ಸಾಲು ಯಾವ ನೋಡ್‌ನಲ್ಲಿದೆ ಎಂಬುದು ಹುಡುಕದೆಯೇ ತಿಳಿಯುತ್ತದೆ. ತೊಡಕು ಶುರುವಾಗುವುದು ಜಾಯಿನ್‌ನಲ್ಲಿ, ಅಂದರೆ ಎರಡು ಮೂರು ಟೇಬಲ್‌ಗಳ ಸಾಲುಗಳನ್ನು ಹೊಂದಿಸಿ ತೆಗೆಯುವ ಕ್ವೆರಿಯಲ್ಲಿ. ನೆಟ್‌ವರ್ಕ್‌ನಲ್ಲಿ ಒಮ್ಮೆ ಹೋಗಿಬರಲು 0.2 ಮಿಲಿಸೆಕೆಂಡ್ ಸಾಕೆಂದು ಹಿಡಿದರೂ, 5,000 ಸಾಲುಗಳನ್ನು ಒಂದೊಂದಾಗಿ ತರಿಸಿಕೊಳ್ಳುವ ವರದಿಗೆ ಆ ಓಡಾಟವೇ ಒಂದು ಸೆಕೆಂಡ್ ತಿನ್ನುತ್ತದೆ. 2012ರ 7.2 ಆವೃತ್ತಿಯಿಂದ ಜಾಯಿನ್‌ನ ಕೆಲಸವನ್ನು ಡೇಟಾ ನೋಡ್‌ಗಳಿಗೇ ವಹಿಸುವ ಸೌಲಭ್ಯ ಬಂದು ಈ ಹೊರೆ ಇಳಿದಿದೆ, ನಿಜ. ಆದರೂ ತಿಂಗಳ ಕೊನೆಯ ಲೆಕ್ಕಪತ್ರ ತೆಗೆಯುವ ಅಪ್ಲಿಕೇಶನ್‌ಗೆ ಇದನ್ನು ಶಿಫಾರಸು ಮಾಡುವುದು ಕಷ್ಟ.

ಎನ್‌ಡಿಬಿ ದತ್ತಾಂಶವನ್ನು ಮೆಮೊರಿಯಲ್ಲೇ ಇಡುವುದರಿಂದ ಅದರ ಲೆಕ್ಕವೂ ಹಗುರವಲ್ಲ. ರೂಢಿಯಂತೆ ಎರಡು ಪ್ರತಿ ಇಟ್ಟರೆ, 20 ಜಿಬಿ ದತ್ತಾಂಶಕ್ಕೆ ಎಲ್ಲ ನೋಡ್‌ಗಳಲ್ಲಿ ಸೇರಿ 40 ಜಿಬಿ ರ‍್ಯಾಮ್, ಹುಡುಕಾಟವನ್ನು ಚುರುಕಾಗಿಸುವ ಇಂಡೆಕ್ಸ್‌ಗಳಿಗೆ ಅದರ ಮೇಲೆ ಇನ್ನೊಂದಿಷ್ಟು ಬೇಕು. ಕೆಲವು ಕಾಲಂಗಳನ್ನು ಡಿಸ್ಕ್‌ಗೆ ದಾಟಿಸಬಹುದಾದರೂ ಇಂಡೆಕ್ಸ್ ಇರುವ ಕಾಲಂಗಳು ಮೆಮೊರಿಯಲ್ಲೇ ಉಳಿಯುತ್ತವೆ. ಎರಡೇ ಯಂತ್ರ ಕೊಂಡು ಕ್ಲಸ್ಟರ್ ಕಟ್ಟುವ ಮಿತವ್ಯಯವಂತೂ ಅರ್ಥಹೀನ. ನಡುವಿನ ಸಂಪರ್ಕ ಕಡಿದಾಗ ಎರಡೂ ನೋಡ್‌ಗಳು ಇನ್ನೊಂದು ಸತ್ತಿದೆಯೆಂದು ಬಗೆದು ಬೇರೆ ಬೇರೆಯಾಗಿ ಬರೆಯತೊಡಗದಂತೆ, ಯಾವುದು ಮುಂದುವರಿಯಬೇಕೆಂದು ತೀರ್ಮಾನಿಸುವ ಪಂಚಾಯತಿದಾರ ಮೂರನೆಯ ಯಂತ್ರದಲ್ಲಿರಬೇಕಾಗುತ್ತದೆ.

ಓದುವವರು ಹೆಚ್ಚು, ಬರೆಯುವವರು ಕಡಿಮೆ ಇರುವ ಸುದ್ದಿತಾಣದಂಥ ಅಪ್ಲಿಕೇಶನ್‌ಗೆ, ಮುಖ್ಯ ಸರ್ವರಿನ ಬದಲಾವಣೆಗಳನ್ನು ಉಳಿದವು ನಕಲಿಸಿಕೊಳ್ಳುವ ಸಾದಾ ರೆಪ್ಲಿಕೇಶನ್ ಸಾಕು. ನಕಲು ಕೊಂಚ ಹಿಂದೆ ಬಿದ್ದರೆ ಅಲ್ಲಿ ಯಾರಿಗೂ ನಷ್ಟವಿಲ್ಲ. ಲಾಗಿನ್ ಆದವರ ಸೆಷನ್ ವಿವರ, ಪ್ರೀಪೇಯ್ಡ್ ಖಾತೆಯ ಬಾಕಿ ಮುಂತಾದ ಕಡೆ ಆ ಹಿಂಬೀಳುವಿಕೆ ಸಲ್ಲದು, ಮತ್ತು ಅಲ್ಲಿನ ಪ್ರಶ್ನೆಗಳೂ ಬಹುಮಟ್ಟಿಗೆ ಒಂದೇ ಕೀಯನ್ನು ಹಿಡಿದು ಬರುವಂಥವು.