ಓದುಗರ ಆಕ್ಷೇಪಕ್ಕೆ ಶಾಸನ ಸಂಪಾದಕರು ಉತ್ತರ ಕೊಡಬೇಕೇ?

ಕೊಡಗಿನ ಶಾಸನಗಳ ಸಂಪುಟ ಮೂರು ಸಲ ಅಚ್ಚಾಗಿದೆ. ಬಿ.ಎಲ್. ರೈಸ್ ಅವರ ‘ಕೂರ್ಗ್ ಇನ್‌ಸ್ಕ್ರಿಪ್ಷನ್ಸ್’ 1886ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವಾಗಿ ಬಂತು. 1914ರಲ್ಲಿ ಅವರೇ ಅದನ್ನು ತಿದ್ದಿ ಮತ್ತೆ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಮಾಲೆ ಶುರು ಮಾಡಿದಾಗಲೂ ಮೊದಲು ಹೊರಬಂದದ್ದು ಕೊಡಗಿನ ಸಂಪುಟವೇ, 1972ರಲ್ಲಿ. ಹೊಸ ಕಲ್ಲುಗಳು ಸಿಕ್ಕಿದ್ದು ಇದಕ್ಕೆ ಒಂದು ಕಾರಣ. ಇನ್ನೊಂದು ಕಾರಣವನ್ನು ನಾವು ಅಷ್ಟಾಗಿ ಹೇಳುವುದಿಲ್ಲ: ಹಿಂದಿನ ಓದನ್ನು ನೋಡಿದ ಯಾರೋ ಒಬ್ಬರು “ಇದು ಹೀಗಲ್ಲ” ಅಂದಿದ್ದರು, ಆ ಮಾತನ್ನು ಇನ್ನೊಬ್ಬರು ಕಿವಿಗೆ ಹಾಕಿಕೊಂಡಿದ್ದರು.

ಈ ಎರಡನೇ ಅಭ್ಯಾಸ ಈಗ ನಮ್ಮಲ್ಲಿ ಕಡಿಮೆಯಾಗ್ತಾ ಇದೆ ಅನ್ನೋದು ನನ್ನ ತಕರಾರು. ಶಾಸನ ಪ್ರಕಟಿಸಿದವರಿಗೆ “ಚೆನ್ನಾಗಿದೆ ಸಾರ್” ಎಂಬ ಮಾತು ಬೇಕು. “ಮೂರನೇ ಸಾಲಿನ ಅಕ್ಷರ ಬೇರೆ ಇರಬಹುದಾ?” ಅಂತ ಕೇಳಿದರೆ ಮೌನ. ಆದರೆ ಕೊಡಗಿನ ಮಟ್ಟಿಗಂತೂ ನಮ್ಮ ತಿಳಿವಳಿಕೆ ಬೆಳೆದದ್ದೇ ಇಂಥ ಪ್ರಶ್ನೆ ಮತ್ತು ಉತ್ತರಗಳಿಂದ.

ಎಲ್ಲರಿಗೂ ಗೊತ್ತಿರುವ ಮಡಿಕೇರಿ ತಾಮ್ರಶಾಸನವನ್ನೇ ತೆಗೆದುಕೊಳ್ಳಿ. ಮಡಿಕೇರಿಯ ಖಜಾನೆಯಲ್ಲಿದ್ದ ಈ ಹಲಗೆಗಳನ್ನು ರೈಸ್ 1872ರಲ್ಲಿ, ಇಂಡಿಯನ್ ಆಂಟಿಕ್ವೆರಿಯ ಮೊದಲ ಸಂಪುಟದಲ್ಲಿ ಪ್ರಕಟಿಸಿದರು. ಗಂಗ ದೊರೆ ಅವಿನೀತ, ತಳವನನಗರದ, ಅಂದರೆ ತಲಕಾಡಿನ, ಜಿನಾಲಯ, ಅದಕ್ಕೆ ಕೊಟ್ಟ ಬದಣೆಗುಪ್ಪೆ ಗ್ರಾಮ, ಕೊಂಡಕುಂದಾನ್ವಯದ ಮುನಿಗಳು, ಎಲ್ಲವೂ ಅದರಲ್ಲಿವೆ. ಅಲ್ಲಿ ಬರುವ 388ನ್ನು ಶಕವರ್ಷ ಅಂತ ಹಿಡಿದರೆ ಕ್ರಿ.ಶ. 466 ಆಗ್ತದೆ. ಕನ್ನಡ ಭಾಷೆಯ ಚರಿತ್ರೆ ಬರೆಯುವವರಿಗೂ ಜೈನ ಗುರುಪರಂಪರೆಯ ಕಾಲ ನಿರ್ಣಯಿಸುವವರಿಗೂ ಇದು ದೊಡ್ಡ ಆಧಾರವಾಯಿತು.

ಜೆ.ಎಫ್. ಫ್ಲೀಟ್ ಇದನ್ನು ಒಪ್ಪಲಿಲ್ಲ. ಗಂಗರ ಆರಂಭಕಾಲದ ತಾಮ್ರಪಟಗಳ ಒಂದು ದೊಡ್ಡ ಗುಂಪನ್ನೇ ಅವರು ಕೂಟ ಶಾಸನಗಳು ಅಂದರು, ಮಡಿಕೇರಿಯದ್ದನ್ನೂ ಅದರಲ್ಲಿ ಸೇರಿಸಿದರು. ಆಕ್ಷೇಪಗಳು ಕೈತಪ್ಪಿ ಬಂದವಲ್ಲ. ಲಿಪಿ ಐದನೇ ಶತಮಾನದ್ದಾಗಿ ಕಾಣುವುದಿಲ್ಲ. ಶಾಸನದಲ್ಲಿ ಬರುವ ‘ಅಕಾಲವರ್ಷ’ ಎಂಬ ಬಿರುದು ನಮಗೆ ಗೊತ್ತಿರುವುದು ರಾಷ್ಟ್ರಕೂಟ ಕೃಷ್ಣರಿಂದ, ಅಂದರೆ ಮುನ್ನೂರು ವರ್ಷಕ್ಕೂ ಹೆಚ್ಚು ಈಚೆಗೆ. ರೈಸ್ ಸುಮ್ಮನಿರಲಿಲ್ಲ. ಮುಂದಿನ ಸಂಪುಟಗಳ ಪೀಠಿಕೆಗಳಲ್ಲಿ, ಆಮೇಲೆ 1909ರ ‘ಮೈಸೂರ್ ಅಂಡ್ ಕೂರ್ಗ್ ಫ್ರಂ ದಿ ಇನ್‌ಸ್ಕ್ರಿಪ್ಷನ್ಸ್’ ಪುಸ್ತಕದಲ್ಲಿ ತಮ್ಮ ಪಕ್ಷವನ್ನು ಸಮರ್ಥಿಸಿಕೊಂಡರು. ಇಬ್ಬರ ಮಾತಿನಲ್ಲೂ ಖಾರ ಇತ್ತು, ಆದರೆ ಇಬ್ಬರೂ ಉತ್ತರ ಕೊಡೋದನ್ನು ಬಿಡಲಿಲ್ಲ.

ಕೊನೆಗೆ ಆದದ್ದೇನು? ಪೆನುಕೊಂಡದ ಗಂಗ ತಾಮ್ರಪಟ ಬೆಳಕಿಗೆ ಬಂತು. 1915ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಫ್ಲೀಟ್ ಅವರೇ ಅದನ್ನು ನೈಜ ಎಂದು ಒಪ್ಪಿದರು. ಅಲ್ಲಿಗೆ, ಐದನೇ ಶತಮಾನದ ಗಂಗರು ಬರೀ ಕಟ್ಟುಕತೆ ಅನ್ನುವ ವಾದ ನಿಲ್ಲಲಿಲ್ಲ. ಹಾಗಂತ ಮಡಿಕೇರಿ ಶಾಸನದ ಮೇಲಿನ ಸಂದೇಹ ತೀರಲಿಲ್ಲ. ಈಗಿರುವ ರೂಪದಲ್ಲಿ ಅದು ಈಚಿನ ಕಾಲದ ಬರಹ, ಬಹುಶಃ ಹಳೆಯ ದಾನವೊಂದರ ನೆನಪಿನ ಮೇಲೆ ಬರೆದದ್ದು ಅನ್ನುವವರೇ ಹೆಚ್ಚು. ಗಂಗರ ಪ್ರಾಚೀನತೆಯ ವಿಷಯದಲ್ಲಿ ರೈಸ್ ಗೆದ್ದರು, ಈ ಹಲಗೆಗಳ ವಿಷಯದಲ್ಲಿ ಫ್ಲೀಟ್ ಅವರ ಗುಮಾನಿ ಉಳಿಯಿತು. ಒಬ್ಬರೇ ಬರೆದು ಇನ್ನೊಬ್ಬರು ಸುಮ್ಮನಿದ್ದಿದ್ದರೆ ಈ ಎರಡು ಪ್ರಶ್ನೆಗಳು ಬೇರೆಬೇರೆ ಅಂತಲೇ ನಮಗೆ ಹೊಳೆಯುತ್ತಿರಲಿಲ್ಲ.

ನಮ್ಮ ಇಂದಿನ ಬರಹಗಳಲ್ಲಿ ನೋಡಿ: “ಕ್ರಿ.ಶ. 466ರ ಮರ್ಕರಾ ಶಾಸನದ ಪ್ರಕಾರ” ಅಂತ ಒಂದು ಸಾಲು ಬರ್ತದೆ, ಮುಂದೆ ಹೋಗ್ತದೆ. ನಲವತ್ತು ವರ್ಷ ನಡೆದ ಪ್ರಶ್ನೋತ್ತರದ ಸುಳಿವೇ ಇಲ್ಲ. ಆಕ್ಷೇಪವನ್ನು ಮುಚ್ಚಿಟ್ಟು ತಾರೀಕನ್ನು ಮಾತ್ರ ಕೊಟ್ಟರೆ ಓದುಗನಿಗೆ ಅರ್ಧ ಶಾಸನ ಕೊಟ್ಟ ಹಾಗೆ.

ಪಂಡಿತರ ಜಗಳ ಪಂಡಿತರಿಗೆ, ಸಾಮಾನ್ಯ ಓದುಗರು ಏನು ಹೇಳಬಲ್ಲರು ಅಂತ ಕೇಳುವವರಿದ್ದಾರೆ. ಅವರಿಗೆ ನಮ್ಮ ಹಳೆಯ ಕಿಗ್ಗಟ್ಟುನಾಡಿನ ಪೆಗ್ಗೂರು ಶಾಸನವೇ ಉತ್ತರ. ಕಿಟ್ಟೆಲ್ ಇದನ್ನು ಇಂಡಿಯನ್ ಆಂಟಿಕ್ವೆರಿಯಲ್ಲಿ 1877ರಲ್ಲೇ ಪ್ರಕಟಿಸಿದ್ದರು. ಗಂಗ ರಾಚಮಲ್ಲನ ತಮ್ಮ ರಕ್ಕಸ ಬೆದ್ದೊರೆಗರೆಯನ್ನು ಆಳುತ್ತಿದ್ದಾಗ ಶ್ರವಣಬೆಳಗೊಳದ ಅನಂತವೀರ್ಯಯ್ಯನಿಗೆ ಪೆಗ್ಗೂರನ್ನು ಕೊಟ್ಟ ದಾಖಲೆ ಇದು. ಶಕ 899, ಈಶ್ವರ ಸಂವತ್ಸರ, ಫಾಲ್ಗುಣ ಮಾಸ. ಕೆಲವು ಪುಸ್ತಕಗಳಲ್ಲಿ ಇದು 977, ಕೆಲವದರಲ್ಲಿ 978. ಯಾವುದು ಸರಿ?

ಇದಕ್ಕೆ ಲಿಪಿ ಗೊತ್ತಿರಬೇಕಾಗಿಲ್ಲ, ಗೋಡೆಯ ಮೇಲೆ ಪಂಚಾಂಗ ಇದ್ದರೆ ಸಾಕು. 1997ರ ಯುಗಾದಿಗೆ ಶುರುವಾದದ್ದು ಈಶ್ವರ ಸಂವತ್ಸರ. ಅಲ್ಲಿಂದ ಅರವತ್ತರಂತೆ ಹದಿನೇಳು ಸುತ್ತು ಹಿಂದಕ್ಕೆ ಹೋಗಿ, ಅಂದರೆ 1020 ವರ್ಷ. ನಿಲ್ಲುವುದು 977ರ ಯುಗಾದಿಗೆ. ಶಕ 899ಕ್ಕೆ 78 ಕೂಡಿಸಿದರೂ 977 ಬರ್ತದೆ, ಲೆಕ್ಕ ಹೊಂದಿತು. ಆದರೆ ಫಾಲ್ಗುಣ ಎಂದರೆ ಆ ಸಂವತ್ಸರದ ಕೊನೆಯ ತಿಂಗಳು. ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರ್ತದೆ. ಆದ್ದರಿಂದ ದಾನ ನಡೆದದ್ದು 978ರ ಮೊದಲ ತಿಂಗಳುಗಳಲ್ಲಿ. ಇಷ್ಟನ್ನು ಒಂದು ಸ್ಮರಣ ಸಂಚಿಕೆಯ ಸಂಪಾದಕರಿಗೆ ನಾನು ಗೋಣಿಕೊಪ್ಪಲಿನಿಂದ ಎರಡು ಸಲ ಬರೆದೆ. ಉತ್ತರ ಬರಲಿಲ್ಲ. ಮುಂದಿನ ಸಂಚಿಕೆಯಲ್ಲೂ 977 ಹಾಗೇ ಇತ್ತು. “ನಿಮ್ಮ ಲೆಕ್ಕ ತಪ್ಪು, ಯಾಕೆಂದರೆ...” ಅಂತ ಬರೆದಿದ್ದರೂ ನನಗೆ ಸಮಾಧಾನವೇ ಆಗ್ತಿತ್ತು.

ಇನ್ನು ಊರಿನವರಿಗೆ ಮಾತ್ರ ಗೊತ್ತಿರುವ ಸಂಗತಿಗಳು. ಬಿಳಿಯೂರು ಶಾಸನ ಶಕ 809ರದ್ದು. ಸತ್ಯವಾಕ್ಯ ಕೊಂಗುಣಿವರ್ಮ ಪೆರ್ಮಾನಡಿಯ ಹದಿನೆಂಟನೇ ಆಳ್ವಿಕೆಯ ವರ್ಷದಲ್ಲಿ, ಪೆನ್ನೆಕಡಂಗದ ಸತ್ಯವಾಕ್ಯ ಜಿನಾಲಯಕ್ಕಾಗಿ ಸರ್ವಣಂದಿದೇವನಿಗೆ ಬಿಳಿಯೂರಿನ ಹಳ್ಳಿಗಳನ್ನು ಕೊಟ್ಟದ್ದನ್ನು ಹೇಳ್ತದೆ. ಬಯಲುಸೀಮೆಯ ಓದುಗನಿಗೆ ‘ಕಡಂಗ’ ಅನ್ನೋದು ಹೆಸರಿನ ಒಂದು ಬಾಲ, ಅಷ್ಟೆ. ಕೊಡಗಿನಲ್ಲಿ ಯಾರನ್ನಾದರೂ ಕೇಳಿ: ಕಡಂಗ ಎಂದರೆ ಕಾಡು, ಗದ್ದೆಗಳ ನಡುವೆ ಹಾದುಹೋಗುವ ಆಳವಾದ ಹಳೆಯ ಕಂದಕ ಅಂತಾರೆ. ಹಾಗೆಯೇ ‘ಬೆದ್ದೊರೆ’ ಅಥವಾ ‘ಪೆದ್ದೊರೆ’, ಅಂದರೆ ದೊಡ್ಡ ಹೊಳೆ. ಪುಸ್ತಕ ಮಾತ್ರ ನೋಡಿದವರಿಗೆ ಆ ಹೆಸರು ಕೇಳಿದರೆ ಕೃಷ್ಣಾ ನದಿ ನೆನಪಾಗುವುದು ಸಹಜ. ನಮ್ಮ ಕಡೆಯವರು ಲಕ್ಷ್ಮಣತೀರ್ಥವನ್ನೋ ಕಾವೇರಿಯನ್ನೋ ತೋರಿಸ್ತಾರೆ. ಇವರ ಮಾತೇ ಕೊನೆಯ ತೀರ್ಪು ಅಂತ ನಾನು ಹೇಳುವುದಿಲ್ಲ. ಇವರನ್ನು ಕೇಳದೆ ತೀರ್ಪು ಬರೆಯಬಾರದು ಅಂತ ಮಾತ್ರ ಹೇಳ್ತೇನೆ.

ಎಲ್ಲ ಪ್ರತಿಕ್ರಿಯೆಯೂ ಹೀಗೆ ಬೆಳಕು ಕೊಡುವುದಿಲ್ಲ, ನಿಜ. “ಈ ದೊರೆ ನಮ್ಮ ಮನೆತನದವನು, ಹಾಗೇ ಬರೀರಿ” ಅನ್ನುವವರಿದ್ದಾರೆ. ವೀರಗಲ್ಲಿನ ಕೆಳಗೆ ನಿಧಿ ಇದೆಯಾ ಅಂತ ಮೆತ್ತಗೆ ಕೇಳುವವರೂ ಇದ್ದಾರೆ. ಇವರಿಗೂ ಉತ್ತರ ಕೊಡಬೇಕು ಅಂತಲೇ ನನ್ನ ಅಭಿಪ್ರಾಯ. ಮೊದಲನೆಯವರಿಗೆ, ಶಾಸನದಲ್ಲಿ ಆ ಮಾತು ಯಾವ ಸಾಲಿನಲ್ಲಿದೆ ತೋರಿಸಿ ಅಂತ ಕೇಳಿದರೆ ಸಾಕು. ಎರಡನೆಯವರಿಗೆ, ಕಲ್ಲಿನ ಕೆಳಗೆ ಏನೂ ಇಲ್ಲ, ಇರುವುದೆಲ್ಲ ಕಲ್ಲಿನ ಮೇಲೆ ಬರೆದದ್ದರಲ್ಲೇ ಇದೆ ಅಂತ ಬಿಡಿಸಿ ಹೇಳದಿದ್ದರೆ ಕಲ್ಲೇ ಉಳಿಯುವುದಿಲ್ಲ. ಉತ್ತರ ಕೊಡುವುದು ಅಂದರೆ ಒಪ್ಪಿಕೊಳ್ಳುವುದು ಅಂತೇನೂ ಅಲ್ಲ. ಬೈಗುಳಕ್ಕೆ ಮಾತ್ರ ಉತ್ತರ ಬೇಡ.

ಶಾಸನ ಪ್ರಕಟಿಸುವವರಲ್ಲಿ ನನ್ನ ಕೋರಿಕೆ ಇಷ್ಟು. ಓದಿನ ಜೊತೆ ಕಲ್ಲಿನ ಸ್ಪಷ್ಟ ಚಿತ್ರ ಕೊಡಿ, ಇಲ್ಲವಾದರೆ ಯಾರೂ ನಿಮ್ಮನ್ನು ಪರೀಕ್ಷಿಸುವ ಹಾಗಿಲ್ಲ. ಅನುಮಾನದ ಅಕ್ಷರಗಳನ್ನು ಗುರುತು ಹಾಕಿ. ತಿದ್ದುಪಡಿ ಬಂದಾಗ ಹಳೆಯ ಓದನ್ನು ಅಳಿಸಿಹಾಕದೆ, ಹೊಸದನ್ನು ಪಕ್ಕದಲ್ಲಿಟ್ಟು, ಅವರ ಒಪ್ಪಿಗೆ ಇದ್ದರೆ ತಿದ್ದಿದವರ ಹೆಸರನ್ನೂ ಸೇರಿಸಿ. ತಿದ್ದುಪಡಿ ಒಪ್ಪಿಗೆಯಾಗದಿದ್ದರೆ ಯಾಕೆ ಅಂತ ಎರಡು ಸಾಲು ಬರೆಯಿರಿ.

ಗೋಣಿಕೊಪ್ಪಲು, ಪೊನ್ನಂಪೇಟೆ, ಹುದಿಕೇರಿ ಕಡೆಯ ಓದುಗರಿಗೆ ಒಂದು ಮಾತು. ನಿಮ್ಮ ಹಿರಿಯರ ಬಾಯಲ್ಲಿ ‘ದೊಡ್ಡ ಹೊಳೆ’ ಅಂದರೆ ಯಾವ ಹೊಳೆ? ಪೆನ್ನೆ ಅಥವಾ ಹೆನ್ನೆ ಅನ್ನುವ ಹೆಸರಿನ ಗದ್ದೆ, ಕಡಂಗ, ದೇವರಕಾಡು ಏನಾದರೂ ಇದೆಯಾ? ತಿಳಿಸಿದರೆ ಇಲ್ಲಿ ದಾಖಲಿಸುತ್ತೇನೆ. ಒಪ್ಪಿದರೂ ಒಪ್ಪದಿದ್ದರೂ ನನ್ನಿಂದ ಉತ್ತರ ಬರ್ತದೆ.